ಧರೆಗೊಂದು ಹಸಿರು ಕಂಬಳಿ

ಮೂಡಿಗೆರೆ ಕಡೆ ಮನೆ ಕಟ್ಟುವುದೆಂದರೆ ಗುಡ್ಡ ಕಡಿಯುವುದು ಎಂದೇ ಅರ್ಥ. ನಮ್ಮ ಹಿತ್ತಲಲ್ಲೂ ಆಳೆತ್ತರದ ಧರೆಯಿದೆ. ಮೇಲೆ ಹಲಸು, ಸಿಲ್ವರ್ ಓಕ್. ಬೆಳಿಗ್ಗೆ ಒಂದೆರಡು ತಾಸು ಬಿಸಿಲು, ಆಮೇಲೆ ನೆರಳೇ. ಧರೆಯ ಬುಡದ ಇಳಿಜಾರಿನಲ್ಲಿ ಅತ್ತೆ ಬೆಳೆಸಿದ ಒಂದೆಲಗ ಹಬ್ಬಿಕೊಂಡಿತ್ತು.

ನನಗೋ ಹೂವಿನ ಆಸೆ. ಯಾರದೋ ಅಂಗಳದಲ್ಲಿ ಹಳದಿ ಹೂವಿನ ವೆಡೇಲಿಯಾ ಕಂಡು ನಾಲ್ಕು ತುಂಡು ತಂದು ನೆಟ್ಟೆ. ‘ಇಷ್ಟು ಬೇಗ ಹಬ್ಬೋದು ಒಳ್ಳೇದಲ್ಲ ಕಣೇ’ ಎಂದರು ಅತ್ತೆ. ಎರಡನೇ ಮಳೆಗಾಲಕ್ಕೆ ಒಂದೆಲಗ ಕಾಣೆ! ವೆಡೇಲಿಯಾ ಚರಂಡಿ ದಾಟಿ ಕಾಫಿ ಗಿಡದ ಬುಡಕ್ಕೂ ಹೋಗಿತ್ತು. ಅಮೆರಿಕ ಖಂಡದ ಉಷ್ಣ ನಾಡುಗಳ ಈ ಗಿಡ ಜಗತ್ತಿನ 100 ಅತಿ ಕೆಟ್ಟ ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ ಎಂದು ಆಮೇಲೆ ಓದಿದೆ.

ಸಿಟ್ಟಿನಿಂದ ಮೇ ತಿಂಗಳಲ್ಲಿ ಎಲ್ಲ ಕಿತ್ತು ನೆಲ ಬೋಳು ಮಾಡಿದೆ. ಅದು ಎರಡನೇ ತಪ್ಪು. ಜೂನ್ ಮಳೆಗೆ ಕೆಮ್ಮಣ್ಣು ಹಿತ್ತಲ ಬಾಗಿಲವರೆಗೆ ಹರಿದು ಬಂತು. ‘ಅಮ್ಮಾ, ಕಾಡಲ್ಲಿ ಮಣ್ಣು ಯಾಕೆ ಹೀಗೆ ಹೋಗಲ್ಲ?’ ಮಗಳು ಕೇಳಿದಳು. ಕಾಡಲ್ಲಿ ಮಳೆಹನಿ ನೇರ ಮಣ್ಣಿಗೆ ಬಡಿಯುವುದಿಲ್ಲ. ದರಗು, ಸಣ್ಣ ಗಿಡಗಳು ಪೆಟ್ಟು ತಡೆಯುತ್ತವೆ.

ತವರೂರು ಕಳಸದಿಂದ ಒಂದು ಬುಟ್ಟಿ ಒಂದೆಲಗ ತಂದೆ. ಬೇರಿರುವ ಗೆಣ್ಣುಗಳನ್ನು ಅರ್ಧ ಅಡಿಗೊಂದರಂತೆ, ಇಳಿಜಾರಿಗೆ ಅಡ್ಡಸಾಲಿನಲ್ಲಿ ನೆಟ್ಟೆವು. ನಡುವೆ ದರಗು ಹರಡಿದೆವು. ನೆಲಕ್ಕೆ ತಾಗಿದ ಪ್ರತಿ ಗೆಣ್ಣೂ ಬೇರು ಬಿಡುತ್ತದೆ. ನೆರಳು ತೀರ ಕವಿದಲ್ಲಿ ಮರದ ಒಂದೆರಡು ಕೊಂಬೆ ಸವರಿದರೆ ಸಾಕು. ಬೇಸಿಗೆಯಲ್ಲಿ ಮಾತ್ರ ತೇವ ಆರಬಾರದು. ಪಾತ್ರೆ ತೊಳೆದ ಸೋಪಿನ ನೀರು ಬೇಡ, ತಿನ್ನುವ ಸೊಪ್ಪಲ್ಲವೇ!

ಒಂದು ಎಚ್ಚರಿಕೆ: ಇದರ ಬೇರು ಮೇಲ್ಮಣ್ಣನ್ನಷ್ಟೇ ಹಿಡಿಯುತ್ತದೆ. ಬಿರುಕು ಬಿಟ್ಟ ಧರೆಯನ್ನು ಒಂದೆಲಗ ಉಳಿಸದು. ಧರೆಯ ಮೇಲಿನ ನೀರನ್ನು ಚರಂಡಿ ತೋಡಿ ಬೇರೆಡೆ ತಿರುಗಿಸಲೇಬೇಕು.

ವೆಡೇಲಿಯಾ ಇನ್ನೂ ಅಲ್ಲಲ್ಲಿ ಇಣುಕುತ್ತದೆ. ಚೂರು ದಂಟು ಉಳಿದರೂ ಚಿಗುರುವ ಜಾತಿ ಅದು. ಗೊಬ್ಬರದ ಗುಂಡಿಗೂ ಹಳ್ಳಕ್ಕೂ ಎಸೆಯದೆ ತಗಡಿನ ಮೇಲೆ ಒಣಗಿಸುತ್ತೇವೆ. ಭಾನುವಾರ ಅದನ್ನು ಹುಡುಕಿ ಕೀಳುವುದು ಮಗಳ ಕೆಲಸ. ಕೂಲಿ? ಒಂದೆಲಗದ ತಂಬುಳಿ. ತುಪ್ಪದಲ್ಲಿ ಜೀರಿಗೆ, ಕಾಳುಮೆಣಸು, ಸೊಪ್ಪು ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ, ಮಜ್ಜಿಗೆ, ಉಪ್ಪು ಬೆರೆಸಿದರಾಯಿತು. ಮೊದಲ ಸೌಟು ಅತ್ತೆಯ ತಟ್ಟೆಗೆ. ಅವರು ಏನೂ ಹೇಳಲಿಲ್ಲ. ಇನ್ನೊಂದು ಸೌಟು ಹಾಕಿಸಿಕೊಂಡರು.