ಎಂಟು ಹಾಕಿದವರೆಲ್ಲ ಸವಾರರೇ?

ತುಮಕೂರಿನ ಮಂಡಿಪೇಟೆಯಲ್ಲಿ ಯಾರನ್ನಾದರೂ ಕೇಳಿ, ಗಾಡಿ ಓಡಿಸೋದನ್ನ ಇನ್ನೊಂದ್ಸಲ ಕಲೀತೀರಾ ಅಂತ. "ಲೈಸೆನ್ಸ್ ಇದೆಯಲ್ಲ ಸ್ವಾಮೀ!" ಎಂಬ ಉತ್ತರ ತಯಾರು. ಆ ಲೈಸೆನ್ಸ್ ಬಂದದ್ದು ಮೈದಾನದಲ್ಲಿ ಕಾಲೂರದೆ ಎಂಟು ಹಾಕಿದ್ದಕ್ಕೆ. ಬಿ.ಎಚ್. ರಸ್ತೆಯಲ್ಲಿ ದಿಢೀರನೆ ಅಡ್ಡ ಬಂದ ಮಗುವನ್ನು ಉಳಿಸುವ ಬ್ರೇಕನ್ನು ಅಲ್ಲಿ ಯಾರು ಹಿಡಿಸಿದರು?

50 ಕಿಲೋಮೀಟರ್ ವೇಗದ ಬೈಕು ಸೆಕೆಂಡಿಗೆ ಸುಮಾರು 14 ಮೀಟರ್ ಓಡುತ್ತದೆ. ಕಣ್ಣು ಕಂಡು, ಕೈ ಬ್ರೇಕಿಗೆ ಹೋಗುವಷ್ಟರಲ್ಲೇ ಅಷ್ಟು ದೂರ ಕಳೆದಿರುತ್ತದೆ. ಆಮೇಲೂ ಮುಂದಿನ ಬ್ರೇಕು ಹಿಡಿದರೆ ಪಲ್ಟಿ ಎಂದು ಹೆದರಿ ಹಿಂದಿನದನ್ನೇ ನಂಬಿದವರು ಬಹಳ. ಗಾಡಿ ನಿಲ್ಲಿಸುವ ಹೆಚ್ಚಿನ ಬಲ ಇರೋದು ಮುಂದಿನದರಲ್ಲೇ. ಎರಡನ್ನೂ ಹದವಾಗಿ ಹಿಡಿಯೋದು ಅಭ್ಯಾಸದ ಮಾತು. 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44 ಮಂದಿ ದ್ವಿಚಕ್ರದವರು.

ಸರ್ಕಾರಿ ಬಸ್ಸಿನ ಡ್ರೈವರಿಗೆ ಕೆಲಸಕ್ಕೆ ಸೇರಿದ ಮೇಲೂ ತರಬೇತಿ ಉಂಟು. ಬೈಕಿನವನಿಗೆ? ಮನಸ್ಸಿದ್ದರೆ ಬರಲಿ ಎಂಬ ಸ್ವಯಂಪ್ರೇರಣೆಯ ತರಬೇತಿ. ಅದಕ್ಕೆ ಬರುವವನು ಮೊದಲೇ ನಿಧಾನಸ್ಥ. ಬರಬೇಕಾದವನು ಗೋಡೌನಿನಿಂದ ಅಂಗಡಿಗೆ ಮೂಟೆ ಹೇರಿಕೊಂಡು ಹಾರುತ್ತಿರುತ್ತಾನೆ. ಅವನನ್ನು ಹಾರಿಸುತ್ತಿರುವುದು ಗಲ್ಲಾದ ಮುಂದೆ ಕೂತ ಸಾಹುಕಾರರ "ಬೇಗ ಬಾರೋ"!

ಆದ್ದರಿಂದ ಸ್ವಯಂಪ್ರೇರಣೆ ಹುಟ್ಟಬೇಕಾದದ್ದು ಹುಡುಗನಲ್ಲಲ್ಲ, ಸಾಹುಕಾರರಲ್ಲಿ. ವರ್ತಕರು ಒಂದು ದಿನದ ಸಂಬಳ ಹಿಡಿಯದೆ ಅವನನ್ನು ತರಬೇತಿಗೆ ಕಳಿಸಲಿ. ಬ್ರೇಕು ಸವೆದ ಅಂಗಡಿಯ ಗಾಡಿಯನ್ನೂ ಅವತ್ತೇ ರಿಪೇರಿಗೆ ಬಿಡಲಿ. ಭಾನುವಾರ ಕಳಿಸ್ತೀವಿ ಅನ್ನಬೇಡಿ. ಅವನಿಗಿರೋದು ಅದೊಂದೇ ರಜಾ.