ಗೋಡೆಗೂ ಫೀಸು ಕೊಡಬೇಕೇ?

ಪತ್ರಿಕೆಗೆ ಏನಾದರೂ ಬರೆದುಕೊಡು ಅಂತ ಸಂಪಾದಕ ಗೆಳೆಯ ಕೇಳಿದ. ಮಳಿಗೆಗಳ ಬಾಡಿಗೆಯ ಬಗ್ಗೆ ಬರೀತೀನಿ ಅಂದೆ. ಅವನು ನನ್ನ ಮುಖ ನೋಡಿ, 'ಇದು ಸಾಹಿತ್ಯ ಸಂಘ ಕಣಯ್ಯಾ, ಅರ್ಥಶಾಸ್ತ್ರ ವಿಭಾಗ ಪಕ್ಕದ ಕಟ್ಟಡದಲ್ಲಿದೆ' ಅಂದ. ಇರಬಹುದು. ಆದರೆ ಸಾಹಿತ್ಯಕ್ಕೂ ಮನುಷ್ಯನ ನೋವಿಗೂ ಸಂಬಂಧ ಉಂಟು ಅಂತ ನಮ್ಮ ಮೇಷ್ಟ್ರುಗಳು ದಿನಾ ಹೇಳುತ್ತಾರಲ್ಲ, ಆ ನೋವಿಗೆ ಬರುವ ಬಿಲ್ಲಿನ ಬಗ್ಗೆಯೂ ಒಂದು ಸಲ ಮಾತಾಡೋಣ ಅಂತ ಈ ಲೇಖನ.

ನನ್ನ ಭಾವ ವಿಜಯಾ ಬ್ಯಾಂಕಿನಲ್ಲಿದ್ದವರು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಆ ಬ್ಯಾಂಕು 2019ರ ಏಪ್ರಿಲ್ 1ರಂದು ಬ್ಯಾಂಕ್ ಆಫ್ ಬರೋಡದಲ್ಲಿ ಸೇರಿಹೋಯಿತು. ಆಮೇಲೆ ಭಾವನಿಗೆ ವಡೋದರಕ್ಕೆ ವರ್ಗವಾಯಿತು. ಹೋದ ಬೇಸಿಗೆ ರಜೆಯಲ್ಲಿ ಅಮ್ಮನೂ ನಾನೂ ಅಕ್ಕನ ಮನೆಗೆ ಅಂತ ಅಲ್ಲಿಗೆ ಹೋದೆವು. ಹೋಗಿ ಮೂರನೇ ದಿನ ಅಮ್ಮನಿಗೆ ತಲೆಸುತ್ತು ಬಂತು. ಭಾವ ಒಂದು ಕಾಂಪ್ಲೆಕ್ಸಿಗೆ ಕರಕೊಂಡು ಹೋದರು.

ಆ ಕಟ್ಟಡದ ಮುಂದೆ ನಿಂತರೆ ಮೊದಲು ಕಾಣುವುದು ಬೋರ್ಡುಗಳು. ಕಣ್ಣು, ಕಿವಿ, ಹಲ್ಲು, ಮೂಳೆ, ಹೆರಿಗೆ, ಮಕ್ಕಳು ಅಂತ ಮನುಷ್ಯನ ಮೈಯನ್ನು ಬಿಡಿಬಿಡಿಯಾಗಿ ಗೋಡೆಗೆ ಹೊಡೆದ ಹಾಗೆ. ಕೆಳಗೆ ಔಷಧಿ ಅಂಗಡಿ, ನೆಲಮಾಳಿಗೆಯಲ್ಲಿ ರಕ್ತಪರೀಕ್ಷೆ, ಮೊದಲ ಮಹಡಿಯಲ್ಲಿ ಸ್ಕ್ಯಾನಿಂಗು, ಮೂರನೇ ಮಹಡಿಯಲ್ಲಿ ನಮ್ಮ ಡಾಕ್ಟರು. ಅವರ ಫೀಸು ₹400. ಪರೀಕ್ಷೆ, ಔಷಧಿ ಎಲ್ಲಾ ಸೇರಿ ಆ ದಿನ ಕೈಬಿಟ್ಟದ್ದು ₹3,800. ಕೊನೆಗೆ ಬಂದ ತೀರ್ಮಾನ ಇಷ್ಟೆ: ಬಿಸಿಲು ಒಗ್ಗಿಲ್ಲ, ನೀರು ಕುಡಿದದ್ದು ಸಾಲದು. 'ನೀರು ಕುಡಿ ಅನ್ನೋದಕ್ಕೆ ಇಷ್ಟು ಮಹಡಿ ಹತ್ತಿ ಇಳೀಬೇಕಿತ್ತೇನೋ?' ಅಂದರು ಅಮ್ಮ.

ಸಂಜೆ ವರದಿಗಳನ್ನು ತೋರಿಸಲು ಹೋದಾಗ ಡಾಕ್ಟರ ಬಳಿ ಬೇರೆ ರೋಗಿಗಳಿರಲಿಲ್ಲ. ಆತ ಗುಜರಾತಿ, ಆದರೆ ಬೆಳಗಾವಿಯಲ್ಲಿ ಓದಿದವರು. ಅಮ್ಮನ ಜೊತೆ ಅರೆಬರೆ ಕನ್ನಡದಲ್ಲೇ ಮಾತಾಡಿದರು. ಭಾವ ನಗುನಗುತ್ತಾ 'ಪರೀಕ್ಷೆ ಸ್ವಲ್ಪ ಜಾಸ್ತಿ ಆಯ್ತೇನೋ' ಅಂದರು. ಡಾಕ್ಟರು ಸಿಟ್ಟಾಗಲಿಲ್ಲ. 'ಈ ಜಾಗದ ಬಾಡಿಗೆ ನನ್ನ ತಲೆ ಮೇಲೆ ಇಲ್ಲದಿದ್ದರೆ ನಿಮ್ಮ ಅತ್ತೆಯವರ ಜೊತೆ ಇನ್ನೂ ಹತ್ತು ನಿಮಿಷ ಮಾತಾಡ್ತಿದ್ದೆ. ಆಗ ಒಂದು ಪರೀಕ್ಷೆ ಕಡಿಮೆ ಆಗ್ತಿತ್ತು' ಅಂದರು.

ಈ ಮಾತನ್ನು ನಾನು ರಜೆ ಪೂರ್ತಿ ತಲೆಯಲ್ಲಿ ಹೊತ್ತು ತಿರುಗಿದೆ. ಬಾಡಿಗೆ ಹೆಚ್ಚಾದರೆ ಫೀಸು ಹೆಚ್ಚಾಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿರುವ ಮಾತು. ಈ ಡಾಕ್ಟರು ಹೇಳಿದ್ದು ಬೇರೆ. ಬಾಡಿಗೆ ಮೊದಲು ತಿನ್ನುವುದು ಡಾಕ್ಟರ ಸಮಯವನ್ನು. ನಮ್ಮ ಹಣದ ಸರದಿ ಆಮೇಲೆ.

ಒಂದು ಲೆಕ್ಕ ಹಾಕಿ ನೋಡೋಣ. ಅಂಕಿಗಳು ನಾನು ಸುಮ್ಮನೆ ಇಟ್ಟುಕೊಂಡವು, ನಿಮ್ಮ ಊರಿನ ಅಂಕಿ ಹಾಕಿಕೊಳ್ಳಿ. 500 ಚದರಡಿ ಜಾಗ, ಚದರಡಿಗೆ ತಿಂಗಳಿಗೆ ₹80 ಅಂದರೆ ₹40,000. ಮಾಲೀಕ ಜಿಎಸ್‌ಟಿ ನೋಂದಣಿ ಇರುವವನಾದರೆ ಅದರ ಮೇಲೆ ಶೇಕಡಾ 18, ಅಂದರೆ ₹7,200. ಒಟ್ಟು ₹47,200. ತಿಂಗಳಿಗೆ 25 ದಿನ ಬಾಗಿಲು ತೆರೆದರೆ ದಿನಕ್ಕೆ ₹1,888. ದಿನಕ್ಕೆ 20 ರೋಗಿಗಳು ಬಂದರೆ ತಲೆಗೆ ₹94. ಹತ್ತೇ ಜನ ಬಂದರೆ ₹189, ಅಂದರೆ ₹400ರ ಫೀಸಿನಲ್ಲಿ ಹತ್ತಿರ ಹತ್ತಿರ ಅರ್ಧ. ಕರೆಂಟು, ಕಾಂಪೌಂಡರ ಸಂಬಳ, ಡಾಕ್ಟರ ಮನೆಯ ಅಕ್ಕಿಬೇಳೆ ಇನ್ನೂ ಲೆಕ್ಕಕ್ಕೆ ಬಂದಿಲ್ಲ. ರೋಗಿ ಬಂದರೂ ಬಾರದಿದ್ದರೂ ಒಂದನೇ ತಾರೀಖು ಮಾತ್ರ ತಪ್ಪದೆ ಬರುತ್ತದೆ.

ಇದರಲ್ಲಿ ತೆರಿಗೆಯ ಒಂದು ಗಂಟೂ ಇದೆ. ಚಿಕಿತ್ಸೆಗೆ ಜಿಎಸ್‌ಟಿ ಇಲ್ಲ ಅಂತ ನಾವು ಸಮಾಧಾನ ಪಡುತ್ತೇವೆ. (ದಿನಕ್ಕೆ ₹5,000ಕ್ಕಿಂತ ಹೆಚ್ಚಿನ ಆಸ್ಪತ್ರೆ ಕೋಣೆಗೆ 2022ರ ಜುಲೈಯಿಂದ ತೆರಿಗೆ ಬಂತು, ಅದು ಬೇರೆ.) ಅದೇ ಕಾಂಪ್ಲೆಕ್ಸಿನ ಬಟ್ಟೆ ವ್ಯಾಪಾರಿ ಬಾಡಿಗೆಯ ಮೇಲೆ ಕಟ್ಟಿದ ತೆರಿಗೆಯನ್ನು ತಾನು ಗಿರಾಕಿಯಿಂದ ವಸೂಲು ಮಾಡಿದ ತೆರಿಗೆಯಲ್ಲಿ ವಜಾ ಹಾಕಿಕೊಳ್ಳುತ್ತಾನೆ. ಡಾಕ್ಟರು ರೋಗಿಯಿಂದ ತೆರಿಗೆ ವಸೂಲು ಮಾಡುವುದೇ ಇಲ್ಲ, ಆದ್ದರಿಂದ ವಜಾ ಹಾಕಲು ದಾರಿಯೂ ಇಲ್ಲ. ಆ ಶೇಕಡಾ 18 ಫೀಸಿನೊಳಗೇ ಕೂತಿರುತ್ತದೆ, ರಸೀದಿಯಲ್ಲಿ ಕಾಣುವುದಿಲ್ಲ.

ಹಾಗಾದರೆ ಡಾಕ್ಟರು ಫೀಸನ್ನೇ ಏರಿಸಬಹುದಲ್ಲ ಅಂತ ನೀವು ಕೇಳಬಹುದು. ಒಂದು ಮಿತಿಯವರೆಗೆ ಏರಿಸುತ್ತಾರೆ. ಆದರೆ ಫೀಸು ರೋಗಿಯ ಕಣ್ಣಿಗೆ ಕಾಣುತ್ತದೆ, ಪಕ್ಕದ ಬಾಗಿಲಿನವರ ಫೀಸಿನ ಜೊತೆ ಹೋಲಿಸಿ ನೋಡಬಹುದು. ಬರೆದುಕೊಟ್ಟ ಪರೀಕ್ಷೆ ಬೇಕಿತ್ತೋ ಬೇಡವೋ ಅನ್ನುವುದು ಕಾಣುವುದಿಲ್ಲ. ಆದ್ದರಿಂದ ಮುಂಬಾಗಿಲಿನಲ್ಲಿ ತಡೆದ ಬಾಡಿಗೆ ಹಿತ್ತಲ ಬಾಗಿಲಿನಿಂದ ನುಗ್ಗುತ್ತದೆ. ರೋಗಿಯನ್ನು ಕಳಿಸಿಕೊಟ್ಟದ್ದಕ್ಕೆ ಕಮಿಷನ್ ತೆಗೆದುಕೊಳ್ಳಬಾರದು ಅಂತ ಭಾರತೀಯ ವೈದ್ಯಕೀಯ ಮಂಡಳಿಯ 2002ರ ನಡತೆ ನಿಯಮಗಳು ಸ್ಪಷ್ಟವಾಗಿ ಹೇಳಿವೆ. ನಿಯಮ ಒಳ್ಳೆಯದೇ. ಆದರೆ ಬಾಡಿಗೆಯ ಒತ್ತಡವನ್ನು ಹಾಗೇ ಇಟ್ಟು ನಿಯಮ ಮಾತ್ರ ಬರೆದರೆ, ಹಸಿದವನ ಮುಂದೆ ಎಲೆ ಹಾಕಿ ಮುಟ್ಟಬೇಡ ಅಂದ ಹಾಗೆ.

ಅರ್ಥಶಾಸ್ತ್ರ ಓದುವ ಗೆಳೆಯರು ಇಲ್ಲಿ ನನ್ನನ್ನು ಹಿಡಿಯುತ್ತಾರೆ. ಡೇವಿಡ್ ರಿಕಾರ್ಡೊ 1817ರಲ್ಲೇ ಇದನ್ನು ತಿರುವಿ ಹಾಕಿದ್ದಾನಲ್ಲ, ಬೆಲೆ ಏರುವುದು ಬಾಡಿಗೆಯಿಂದಲ್ಲ, ಬಾಡಿಗೆ ಏರುವುದೇ ಬೆಲೆಯಿಂದ ಅಂತ. ಒಪ್ಪಿದೆ. ಡಾಕ್ಟರುಗಳು ಚೆನ್ನಾಗಿ ಸಂಪಾದಿಸುವ ರಸ್ತೆ ಅಂತ ಗೊತ್ತಾದ ಮೇಲೇ ಮಾಲೀಕ ಬಾಡಿಗೆ ಏರಿಸುತ್ತಾನೆ. ಆದರೆ ಇದು ಮಾಲೀಕನ ಪರ ವಾದ ಹೇಗಾಯಿತು? ರೋಗಿ ಹೆದರಿ ಕೊಡಲು ಸಿದ್ಧವಾದ ಹಣ, ಡಾಕ್ಟರು ಹತ್ತು ವರ್ಷ ಓದಿ ಪಡೆದ ಕೈಗುಣ, ಇವೆರಡರ ಬೆಲೆಯನ್ನು ನಾಲ್ಕು ಗೋಡೆಯ ಒಡೆಯ ವಸೂಲು ಮಾಡುತ್ತಿದ್ದಾನೆ ಅಂತಲೇ ಅದರ ಅರ್ಥ. ಇನ್ನೊಂದು ಮಾತು. ಬಟ್ಟೆ ದುಬಾರಿಯಾದರೆ ಬೇರೆ ಬೀದಿಗೆ ಹೋಗುತ್ತೇವೆ. ಎದೆ ನೋವು ಬಂದವನು ಬೀದಿ ಬೀದಿ ಸುತ್ತಿ ಚೌಕಾಸಿ ಮಾಡುತ್ತಾನೆಯೇ?

ಬಾಡಿಗೆಯೊಂದೇ ಕಾರಣ ಅಂತಲೂ ನಾನು ಹೇಳುತ್ತಿಲ್ಲ. ದೊಡ್ಡ ಆಸ್ಪತ್ರೆಯಲ್ಲಿ ಯಂತ್ರ, ಔಷಧಿ, ಸಂಬಳಗಳ ಖರ್ಚು ದೊಡ್ಡದು. ಖಾಸಗಿ ಕಾಲೇಜಿನಲ್ಲಿ ಸೀಟಿಗೆ ಸುರಿದ ಹಣವನ್ನು ಮರಳಿ ಪಡೆಯುವ ಆತುರವೂ ಉಂಟು. ಆದರೆ ಬಾಡಿಗೆಯ ಪೆಟ್ಟು ಹೆಚ್ಚಾಗಿ ಬೀಳುವುದು ಆಗತಾನೆ ಬೋರ್ಡು ಹಾಕಿದ ಒಂಟಿ ಡಾಕ್ಟರ ಮೇಲೆ. ಅವನು ತಡೆಯಲಾರದೆ ಬಾಗಿಲು ಹಾಕಿ ದೊಡ್ಡ ಆಸ್ಪತ್ರೆಯ ಸಂಬಳಕ್ಕೆ ಸೇರುತ್ತಾನೆ. ಬೀದಿಯ ಡಾಕ್ಟರು ಹೋದಮೇಲೆ ನೆಗಡಿಗೂ ನಾವು ದೊಡ್ಡ ಬಾಗಿಲನ್ನೇ ತಟ್ಟಬೇಕು.

ವಡೋದರದಿಂದ ಭಾವ ಬ್ಯಾಂಕಿನ ಕೆಲಸಕ್ಕೆ ಅಹಮದಾಬಾದಿಗೆ ಹೊರಟಾಗ ನಾನೂ ಜೊತೆಗೆ ಹೋದೆ. ಸಾಬರಮತಿಯ ಆಚೆ ದಡದಲ್ಲಿ ವ್ಯಾಪಾರ ಆಶ್ರಮ ರಸ್ತೆಯಿಂದ ಸಿ.ಜಿ. ರಸ್ತೆಗೆ, ಅಲ್ಲಿಂದ ಎಸ್.ಜಿ. ಹೈವೇಗೆ ಹರಿದಿದೆ. ಡಾಕ್ಟರುಗಳ ಬೋರ್ಡುಗಳೂ ಹಿಂದೆಯೇ ಹೋಗಿವೆ. ಈಚೆ ದಡದ ಹಳೇ ಊರಿನ ಖಾಡಿಯಾದಲ್ಲಿ, ಪೋಳ ಅಂತ ಕರೆಯುವ ಓಣಿಯೊಂದರ ಬಾಯಲ್ಲಿ, ವಯಸ್ಸಾದ ಡಾಕ್ಟರೊಬ್ಬರು ಸಣ್ಣ ಫೀಸಿಗೆ ರೋಗಿಗಳನ್ನು ನೋಡುತ್ತಾ ಕೂತಿದ್ದರು. ಅವರದು ಹಳೇ ಬಾಡಿಗೆ. ಗುಜರಾತು ಮುಂಬಯಿ ಪ್ರಾಂತ್ಯದಲ್ಲಿದ್ದಾಗ ಬಂದ 1947ರ ಬಾಡಿಗೆ ಕಾಯ್ದೆ ಹಳೆಯ ಬಾಡಿಗೆಗಳನ್ನು ಕಟ್ಟಿಹಾಕಿತ್ತು. ರೋಗಿಗೆ ಒಳ್ಳೆಯದೇ ಆಯಿತು, ಆದರೆ ಕಟ್ಟಡದ ಗೋಡೆ ನೋಡಿದರೆ ಮಾಲೀಕ ಅದಕ್ಕೆ ಸುಣ್ಣ ಬಳಿಸಿ ಎಷ್ಟು ಕಾಲವಾಯಿತೋ. ಒಬ್ಬ ಮಾಲೀಕನ ಕೈ ಕಟ್ಟಿ ಊರಿನ ಆರೋಗ್ಯ ನಡೆಸುವುದು ನ್ಯಾಯವೂ ಅಲ್ಲ, ಬಹಳ ಕಾಲ ನಡೆಯುವಂಥದ್ದೂ ಅಲ್ಲ. ಆದರೆ ಒಂದು ಮಾತು ಮಾತ್ರ ಅಲ್ಲಿ ಕಣ್ಣಿಗೆ ಕಟ್ಟಿತು: ಜಾಗದ ಭಾರ ಇಳಿದರೆ ಡಾಕ್ಟರು ನಾಡಿ ಹಿಡಿದು ಕೂರಬಲ್ಲರು.

ಜಾಗದ ಬೆಲೆ ಹಣದ ಪ್ರಶ್ನೆ ಮಾತ್ರವೂ ಅಲ್ಲ. 2020ರ ಆಗಸ್ಟ್ 6ರಂದು ಅಹಮದಾಬಾದಿನ ನವರಂಗಪುರದ ಖಾಸಗಿ ಆಸ್ಪತ್ರೆಯೊಂದರಲ್ಲಿ ಬೆಂಕಿ ಬಿದ್ದು ಎಂಟು ಕೊರೊನಾ ರೋಗಿಗಳು ಸತ್ತರು. 2021ರ ಮೇ ತಿಂಗಳಲ್ಲಿ ಭರೂಚಿನ ಆಸ್ಪತ್ರೆಯ ಬೆಂಕಿ ಹದಿನೆಂಟು ಜನರನ್ನು ತೆಗೆದುಕೊಂಡಿತು. ಅಂಥ ದುರಂತಗಳ ಮೇಲೂ ಗುಜರಾತ್ ಸರ್ಕಾರ 2021ರ ಜುಲೈನಲ್ಲಿ, ಕಟ್ಟಡ ನಿಯಮ ಪಾಲಿಸದ ಆಸ್ಪತ್ರೆಗಳಿಗೆ ಇನ್ನಷ್ಟು ಕಾಲಾವಕಾಶ ಕೊಡಲು ಹೊರಟಿತು. ಸುಪ್ರೀಂ ಕೋರ್ಟು ಅದನ್ನು ತರಾಟೆಗೆ ತೆಗೆದುಕೊಂಡು, ಆಸ್ಪತ್ರೆಗಳು ಸೇವೆಯ ಜಾಗವಾಗುವ ಬದಲು ಭೂಮಿ ವ್ಯವಹಾರದ ಉದ್ಯಮವಾಗಿಬಿಟ್ಟಿವೆ ಎಂಬರ್ಥದ ಮಾತಾಡಿತು. ಆ ಬೆಂಕಿಗಳಿಗೆ ಬಾಡಿಗೆಯೇ ಕಾರಣ ಅಂತ ನಾನು ಹೇಳಲಾರೆ. ಆದರೆ ಚದರಡಿಗೆ ಚಿನ್ನದ ಬೆಲೆ ಇರುವಲ್ಲಿ ಎರಡನೇ ಮೆಟ್ಟಿಲುದಾರಿಗೆ ಜಾಗ ಬಿಡಲು ಯಾರ ಕೈ ಬರುತ್ತದೆ, ಹೇಳಿ.

ತಮಾಷೆಯೆಂದರೆ ಇದಕ್ಕೆ ಮದ್ದು ಆ ಊರುಗಳ ಚರಿತ್ರೆಯಲ್ಲೇ ಇದೆ. ಎಲ್ಲಿಸ್ ಬ್ರಿಜ್ ಹತ್ತಿರದ ವಾಡಿಲಾಲ್ ಸಾರಾಭಾಯಿ ಆಸ್ಪತ್ರೆ 1931ರದು. ಸೇಠರ ದಾನ, ನಗರಸಭೆಯ ಆಡಳಿತ ಎರಡೂ ಕೂಡಿ ಆದದ್ದು. ಅಸಾರ್ವಾದ ಸಿವಿಲ್ ಆಸ್ಪತ್ರೆಯ ಮೂಲದಲ್ಲಿ ಹಠೀಸಿಂಗ್, ಪ್ರೇಮಾಭಾಯಿ ಎಂಬ ಸೇಠರ ಹೆಸರಿದೆ. ವಡೋದರದ ಸರ್ಕಾರಿ ಆಸ್ಪತ್ರೆ ಇಂದಿಗೂ ಮಹಾರಾಜ ಸಯಾಜಿರಾಯರ ಹೆಸರಿನದು. ಅವರೆಲ್ಲ ಮಾಡಿದ ಕೆಲಸವನ್ನು ಇಂದಿನ ಮಾತಿನಲ್ಲಿ ಹೇಳುವುದಾದರೆ, ರೋಗಿಯ ಬಿಲ್ಲಿನಿಂದ ನೆಲದ ಬೆಲೆಯನ್ನು ತೆಗೆದುಹಾಕಿದ್ದು.

ಇನ್ನು ಸೂರತ್. ರಜೆಯ ಕೊನೆಗೆ ಅಲ್ಲಿಗೂ ಹೋಗಿಬಂದೆವು. 1994ರ ಸೆಪ್ಟೆಂಬರಿನಲ್ಲಿ ಪ್ಲೇಗಿನ ಗಾಬರಿ ಹಬ್ಬಿದಾಗ ಜನ ಲಕ್ಷಗಟ್ಟಲೆ ಊರು ಬಿಟ್ಟರು, ಖಾಸಗಿ ಡಾಕ್ಟರುಗಳಲ್ಲೂ ಅನೇಕರು ದವಾಖಾನೆಗೆ ಬೀಗ ಹಾಕಿ ಹೋದರು. ರೋಗಿಗಳಿಗೆ ಉಳಿದದ್ದು ಸರ್ಕಾರಿ ಆಸ್ಪತ್ರೆ. ಇಂದು ಅದೇ ಊರಿನ ಪಾಂಡೆಸರಾ, ಉಧನಾಗಳಲ್ಲಿ ಒಡಿಶಾದಿಂದ ಬಂದ ಮಗ್ಗದ ಕೂಲಿಗಳು ದುಡಿಯುತ್ತಾರೆ. ಅವರು ಮನೆ ಅಂತ ಕರೆಯುವ ಹಾಸಿಗೆಯಷ್ಟು ಜಾಗಕ್ಕೂ ಬಾಡಿಗೆ ಕೊಡುತ್ತಾರೆ, ಜ್ವರ ಬಂದರೆ ಡಾಕ್ಟರ ಜಾಗದ ಬಾಡಿಗೆಯನ್ನೂ ಕೊಡುತ್ತಾರೆ. ಒಬ್ಬನೇ ಮನುಷ್ಯ ಎರಡು ಗೋಡೆಗಳಿಗೆ ದುಡಿಯಬೇಕು.

ಸೇಠರ ಕಾಲ ಮುಗಿಯಿತು, ಈಗ ನೆಲ ಎಲ್ಲಿಂದ ತರುವುದು ಅಂತ ಕೇಳಬೇಡಿ. ನೆಲ ಇದೆ. 1976ರ ಗುಜರಾತ್ ನಗರ ಯೋಜನಾ ಕಾಯ್ದೆಯ ಪ್ರಕಾರ ಹೊಸ ಬಡಾವಣೆ ಮಾಡುವಾಗ ಎಲ್ಲರ ಹೊಲಗಳನ್ನೂ ಒಟ್ಟುಗೂಡಿಸಿ, ಪ್ರತಿಯೊಬ್ಬರಿಂದ ಒಂದು ಪಾಲು ಸಾರ್ವಜನಿಕ ಕೆಲಸಕ್ಕೆ ತೆಗೆದು, ಉಳಿದದ್ದನ್ನು ಮರಳಿ ಹಂಚುತ್ತಾರೆ. ಶಾಲೆ, ದವಾಖಾನೆ, ಅಗ್ನಿಶಾಮಕ ಠಾಣೆಯಂಥವಕ್ಕೆ ಶೇಕಡಾ 5ರವರೆಗೆ ನೆಲ ಮೀಸಲಿಡಲು ಕಾಯ್ದೆಯಲ್ಲೇ ಅವಕಾಶ ಉಂಟು. ಆ ನೆಲದಲ್ಲಿ ನಗರಸಭೆ ಸಾದಾ ಕಟ್ಟಡ ಕಟ್ಟಿ, ಹೊಸ ಡಾಕ್ಟರುಗಳಿಗೆ ಕಡಿಮೆ ಬಾಡಿಗೆಗೆ ಕೊಡಲಿ. ಷರತ್ತು ಒಂದೇ: ಫೀಸು ಇಷ್ಟು, ಬೋರ್ಡಿನ ಮೇಲೆ ಬರೆದಿರಬೇಕು. ಡಾಕ್ಟರುಗಳ ಅಥವಾ ಕೂಲಿಕಾರರ ಸಹಕಾರ ಸಂಘಕ್ಕೂ ಕೊಡಬಹುದು. ಅಹಮದಾಬಾದಿನಲ್ಲಿ ಇಳಾ ಭಟ್ಟರು 1972ರಲ್ಲಿ ಕಟ್ಟಿದ 'ಸೇವಾ' ಸಂಘಟನೆಯ ಹೆಂಗಸರು ತಮ್ಮದೇ ಆರೋಗ್ಯ ಸಹಕಾರಿ ಮಾಡಿಕೊಂಡು ಅಗ್ಗದ ಔಷಧಿ ಅಂಗಡಿ ನಡೆಸಿ ತೋರಿಸಿದ್ದಾರೆ. ಕಾವಲು ಬೇಕು, ನಿಜ. ಅಗ್ಗದ ನೆಲ ಪಡೆದ ದೆಹಲಿಯ ಖಾಸಗಿ ಆಸ್ಪತ್ರೆಗಳು ಬಡವರಿಗೆ ಕೊಟ್ಟ ಮಾತು ಉಳಿಸಿಕೊಳ್ಳಲು 2007ರಲ್ಲಿ ಹೈಕೋರ್ಟೂ 2018ರಲ್ಲಿ ಸುಪ್ರೀಂ ಕೋರ್ಟೂ ಹೇಳಬೇಕಾಯಿತು. ಜೊತೆಗೆ ದವಾಖಾನೆಯ ಬಾಡಿಗೆಯ ಮೇಲಿನ ಜಿಎಸ್‌ಟಿಯನ್ನು ಬಿಡುವುದು ಸರ್ಕಾರಕ್ಕೆ ಕಷ್ಟದ ಕೆಲಸವೇನಲ್ಲ.

ಗುಜರಾತಿನ ಕತೆ ನಮಗ್ಯಾಕೆ ಅನ್ನುವವರು ಒಮ್ಮೆ ನಮ್ಮ ಹುಬ್ಬಳ್ಳಿ, ದಾವಣಗೆರೆಯ ಡಾಕ್ಟರುಗಳ ಬೀದಿಯಲ್ಲಿ ತಲೆ ಎತ್ತಿ ನಡೆದು ನೋಡಿ. ಅದೇ ಬೋರ್ಡುಗಳು, ಅದೇ ಮಹಡಿಗಳು. 2017ರಲ್ಲಿ ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ತಿದ್ದುಪಡಿ ಬಂದಾಗ ಡಾಕ್ಟರುಗಳು ಮುಷ್ಕರ ಹೂಡಿದರು. ಎರಡು ಕಡೆಯವರೂ ದರದ ಬಗ್ಗೆ ಗಂಟಲು ಹರಿಯುವಂತೆ ಜಗಳಾಡಿದರು. ಆ ದರದೊಳಗೆ ಕೂತ ಮಾಲೀಕನ ಹೆಸರನ್ನು ಎತ್ತಿದವರನ್ನು ನಾನಂತೂ ಕಾಣೆ.

ಮಂಡ್ಯದ ಡಾ. ಶಂಕರೇಗೌಡರು ಐದು ರೂಪಾಯಿ ಫೀಸಿಗೆ ಹೆಸರಾದವರು. ಅಂಥವರಿಗೆ ನಾವು ಕೈ ಮುಗಿಯುತ್ತೇವೆ, ಭಾಷಣದಲ್ಲಿ ಹೊಗಳುತ್ತೇವೆ, ಉಳಿದ ಡಾಕ್ಟರುಗಳನ್ನು ಬಯ್ಯುತ್ತೇವೆ. ಆದರೆ ಪ್ರತಿಯೊಬ್ಬ ಡಾಕ್ಟರೂ ಸಂತನಾಗಲಿ ಅಂತ ಕಾಯುವುದು ವ್ಯವಸ್ಥೆಯಲ್ಲ. ಸಾಧಾರಣ ಮನುಷ್ಯನೂ ಪ್ರಾಮಾಣಿಕನಾಗಿ ಬದುಕಲು ಸಾಧ್ಯವಾಗುವ ಹಾಗೆ ಏರ್ಪಾಡು ಮಾಡುವುದು ವ್ಯವಸ್ಥೆ. ನಮ್ಮಲ್ಲಿ ಎಷ್ಟೋ ಜನರ ತಂಗಿಯೋ ಗೆಳೆಯನೋ ಇವತ್ತು ಮೆಡಿಕಲ್ ಓದುತ್ತಿದ್ದಾರೆ. ನಾಳೆ ಅವರು ಬೋರ್ಡು ಬರೆಸುವಾಗ ಯಾವ ಗೋಡೆಗೆ ಹೊಡೆಸುತ್ತಾರೆ, ಆ ಗೋಡೆಗೆ ಎಷ್ಟು ಕೊಡುತ್ತಾರೆ ಅಂತ ಈಗಲೇ ಕೇಳಿ ನೋಡಿ.

ಊರಿಗೆ ಹೊರಡುವ ದಿನ ಅಮ್ಮ ಚೀಲದಲ್ಲಿ ಎರಡು ಬಾಟಲಿ ನೀರು ಇಟ್ಟುಕೊಂಡರು. 'ದಾರೀಲಿ ಅಷ್ಟು ಬೇಕಾಗಲ್ಲಮ್ಮ' ಅಂದೆ. 'ಇರಲಿ ಬಿಡೋ, ₹3,800 ಕೊಟ್ಟು ಕಲಿತ ಪಾಠ' ಅಂದರು.