ಹೋರಿಯ ನಂಬರು ರೈತನ ಕೈಗೂ ಬರಲಿ



ಕೃತಕ ಗರ್ಭಧಾರಣೆಯ ಮಾತು ಬಂದಾಗಲೆಲ್ಲ ಇಷ್ಟು ಹಸುಗಳಿಗೆ ಮಾಡಿಸಿದೆವು, ಇಷ್ಟು ಹೆಣ್ಣುಕರು ಹುಟ್ಟಿದವು, ಹಾಲು ಇಷ್ಟು ಲೀಟರ್ ಏರಿತು ಎಂಬ ಲೆಕ್ಕವೇ ಮುಂದೆ ಬರುತ್ತದೆ. ಆ ಕರುಗಳಿಗೆಲ್ಲ ಅಪ್ಪಂದಿರೆಷ್ಟು ಎಂಬ ಲೆಕ್ಕ ಮಾತ್ರ ಬರುವುದಿಲ್ಲ. ನನ್ನ ತಕರಾರು ಇದೇ.

ಆಯ್ದ ಹೋರಿಗಳಿಂದಲೇ ನಮ್ಮ ಕೊಟ್ಟಿಗೆಗಳಲ್ಲಿ ಹಾಲು ಹೆಚ್ಚಿದ್ದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಒಂದು ಹೋರಿಯಿಂದ ಸಾವಿರಾರು ವೀರ್ಯನಳಿಕೆ ತಯಾರಾಗುತ್ತವೆ; ಹೋರಿ ಸತ್ತ ಮೇಲೂ ಅವು ದ್ರವ ಸಾರಜನಕದಲ್ಲಿ ಕೆಡದೆ ಇರುತ್ತವೆ. ಇವತ್ತು ಗಬ್ಬ ಕಟ್ಟಿದ ಹಸು ಒಂಬತ್ತು ತಿಂಗಳಿಗೆ ಈಯುತ್ತದೆ. ಚೆನ್ನಾಗಿ ಸಾಕಿದ ಮಿಶ್ರತಳಿ ಮಣಕ ಒಂದೂವರೆ ವರ್ಷದ ಸುಮಾರಿಗೆ ಗಬ್ಬಕ್ಕೆ ಸಿದ್ಧ. ಎರಡೂಕಾಲು ವರ್ಷದ ನಂತರವೂ ಅದೇ ಹೋರಿಯ ನಳಿಕೆ ಅದೇ ಊರಿಗೆ ಬರುತ್ತಿದ್ದರೆ ಅಪ್ಪನಿಂದಲೇ ಮಗಳು ಗಬ್ಬವಾಗುತ್ತಾಳೆ. ಅಂಥ ಕರುವಿನ ಒಳತಳೀಕರಣ (ಹತ್ತಿರದ ರಕ್ತಸಂಬಂಧದ ಬೆರಕೆ) ಶೇ 25. ಒಂದೇ ಹೋರಿಗೆ ಬೇರೆ ಬೇರೆ ಹಸುಗಳಲ್ಲಿ ಹುಟ್ಟಿದವುಗಳ ನಡುವೆ ಆದರೆ ಶೇ 12.5. ಗಬ್ಬ ನಿಲ್ಲದಿರುವುದು, ಕಂದು ಹಾಕುವುದು, ಕರು ಬಡಕಲಾಗುವುದು, ಹಾಲು ಇಳಿಯುವುದು ಇದರ ಫಲ. ನಾವು ಮೇವನ್ನೋ ಬಿಸಿಲನ್ನೋ ಡಾಕ್ಟರನ್ನೋ ದೂರುತ್ತೇವೆ. ಸಂಬಂಧ ಬೆಳೆಸುವಾಗ ಮೊದಲು ಬೆಡಗು ಕೇಳುವ ನಾವು ಕೊಟ್ಟಿಗೆಯಲ್ಲಿ ಅದನ್ನು ಕೇಳುವುದೇ ಇಲ್ಲ.

ಒಂದೇ ಹೋರಿಯನ್ನು ನೆಚ್ಚಿದ್ದಕ್ಕೊಂದು ಉದಾಹರಣೆ: ಅಮೆರಿಕದಲ್ಲಿ 1962ರಲ್ಲಿ ಹುಟ್ಟಿದ 'ಚೀಫ್' ಎಂಬ ಎಚ್.ಎಫ್. (ಹೋಲ್‌ಸ್ಟೀನ್ ಫ್ರೀಸಿಯನ್) ಹೋರಿಗೆ 16,000 ಹೆಣ್ಣುಮಕ್ಕಳು, 5 ಲಕ್ಷ ಹೆಣ್ಣು ಮೊಮ್ಮಕ್ಕಳು. ಅದರ ವಂಶದಿಂದ ಹಾಲಿನ ಆದಾಯ ಸುಮಾರು 3,000 ಕೋಟಿ ಡಾಲರ್ ಹೆಚ್ಚಿತೆಂದು ಅಂದಾಜು. ಅದೇ ಹೋರಿಯಲ್ಲಿ ಅಡಗಿದ್ದ ಒಂದು ಕೆಟ್ಟ ಜೀನ್, ತಾಯಿ-ತಂದೆ ಎರಡೂ ಕಡೆಯಿಂದ ಕೂಡಿಬಂದು, ಜಗತ್ತಿನಾದ್ಯಂತ ಸುಮಾರು 5 ಲಕ್ಷ ಕರುಗಳನ್ನು ಗರ್ಭದಲ್ಲೇ ಕೊಂದಿತು. ಅದು ಯಾವ ಜೀನ್ ಎಂದು ಖಚಿತವಾದದ್ದು 2016ರಲ್ಲಿ.

ಈಗ ಲಿಂಗ ನಿರ್ಧರಿತ ವೀರ್ಯ ಬಂದಿದೆ. ಹುಟ್ಟುವ ಹತ್ತು ಕರುಗಳಲ್ಲಿ ಸುಮಾರು ಒಂಬತ್ತು ಹೆಣ್ಣು. ಸಂತೋಷವೇ. ಆದರೆ ಕೆಲವೇ ಹೋರಿಗಳ ನಳಿಕೆ ಹಂಚಿದರೆ ಊರ ಮಣಕಗಳೆಲ್ಲ ಅಕ್ಕತಂಗಿಯರಾಗುತ್ತವೆ. ಹೊರಗಿನ ರಕ್ತ ಸೇರಿಸುವಂತಿಲ್ಲದ ಅಜ್ಜಂಪುರದ ಅಮೃತಮಹಲ್‌ನಂಥ ತಳಿಗೆ ಈ ಲೆಕ್ಕ ಇನ್ನೂ ಬಿಗಿ. ಮಂದೆಯಲ್ಲಿ ಹಸುಗಳೆಷ್ಟೇ ಇರಲಿ, ಹೋರಿ ಹತ್ತೇ ಆದರೆ ಒಳತಳೀಕರಣ ತಲೆಮಾರಿಗೆ ಕನಿಷ್ಠ ಶೇ 1.25ರಷ್ಟು ಏರುತ್ತದೆ, ಐದೇ ಆದರೆ ಶೇ 2.5. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೇಳುವ ಮಿತಿ ಶೇ 1.

ಅತ್ಯುತ್ತಮ ಹೋರಿಯೊಂದನ್ನೇ ನೆಚ್ಚದೆ ಹಲವು ಒಳ್ಳೆಯ ಹೋರಿಗಳನ್ನು ಬಳಸಿದರೆ ಹಾಲು ತುಸು ಕಡಿಮೆಯಾದೀತು, ನಿಜ. ಆದರೆ ಒಂದು ಸೂಲು ತಪ್ಪಿದ ಹಸುವಿಗೆ ತಿಂಗಳುಗಟ್ಟಲೆ ಬರಿದೇ ಹಾಕುವ ಹಿಂಡಿ-ಹುಲ್ಲಿನ ಖರ್ಚಿನ ಮುಂದೆ ಆ ನಷ್ಟ ದೊಡ್ಡದಲ್ಲ.

ಇದಕ್ಕೆ ಹೊಸ ಯಂತ್ರ, ಹೊಸ ಯೋಜನೆ ಬೇಕಿಲ್ಲ. ಹಸುವಿನ ಕಿವಿಯಲ್ಲಿ 12 ಅಂಕಿಯ ಓಲೆ ಇದೆ, ನಳಿಕೆಯ ಮೇಲೆ ಹೋರಿಯ ನಂಬರು ಅಚ್ಚಾಗಿರುತ್ತದೆ, ಬರೆದಿಡಲು 'ಭಾರತ್ ಪಶುಧನ್' ಆ್ಯಪ್ ಇದೆ. ಪಶುಪಾಲನಾ ಇಲಾಖೆ ಮತ್ತು ನಮ್ಮ ಹಾಲು ಒಕ್ಕೂಟ ಶಿಮುಲ್ ನಾಲ್ಕು ಕೆಲಸ ಮಾಡಲಿ. ಪ್ರತಿ ಸಲವೂ ಹೋರಿಯ ನಂಬರನ್ನು ರೈತನ ಕಾರ್ಡಿನಲ್ಲಿ ಬರೆದುಕೊಡಲಿ. ಮಣಕಕ್ಕೆ ನಳಿಕೆ ಹಾಕುವ ಮೊದಲು ಅದರ ಅಪ್ಪನ ನಂಬರು ನೋಡಲಿ. ಒಂದು ಹೋರಿಯ ನಳಿಕೆ ಹರಿಹರ ತಾಲ್ಲೂಕಿಗೆ ಎರಡು ವರ್ಷ ಬಂದ ಮೇಲೆ ಅದನ್ನು ಬೇರೆ ತಾಲ್ಲೂಕಿಗೆ ಕಳಿಸಿ ಅಲ್ಲಿಯದನ್ನು ಇಲ್ಲಿಗೆ ತರಲಿ. ಸಾಧನೆಯ ವರದಿಯಲ್ಲಿ ನಳಿಕೆಗಳ ಸಂಖ್ಯೆಯ ಪಕ್ಕದಲ್ಲೇ ಬಳಸಿದ ಹೋರಿಗಳ ಸಂಖ್ಯೆಯನ್ನೂ ತಾಲ್ಲೂಕುವಾರು ಪ್ರಕಟಿಸಲಿ.

— ಒಬ್ಬ ಹೈನುಗಾರ, ಭಾನುವಳ್ಳಿ, ಹರಿಹರ ತಾ.